ನೀರನ್ನು ಓದುವ ವಿದ್ಯೆ

ಗಾಳ ಹಾಕಿ ಮೀನು ಹಿಡಿಯುವುದೆಂದರೆ ಸೋಮಾರಿಗಳ ಕಾಲಯಾಪನೆಯೆಂದು ತಿಳಿದವರು ಬಹಳ ಮಂದಿ. ದಡದಲ್ಲೊಂದು ಕಲ್ಲು, ಕೈಯಲ್ಲೊಂದು ಕೋಲು, ತಲೆಯಲ್ಲಿ ಯಾವ ಚಿಂತೆಯೂ ಇಲ್ಲದ ನೆಮ್ಮದಿ ಇಷ್ಟಿದ್ದರೆ ಸಾಕು, ಉಳಿದದ್ದು ಅದೃಷ್ಟದ ಪಾಲು ಎಂಬ ಭಾವನೆ ಲೋಕರೂಢಿಯಲ್ಲಿದೆ. ಕೆರೆಯ ಏರಿಯ ಮೇಲೆ ಈ ಮಾತು ಒಂದಿಷ್ಟು ಸಲ್ಲಬಹುದು. ಕಡಲಿನ ನಡುವಣ ದ್ವೀಪಗಳ ಸುತ್ತ ಅದು ಸಲ್ಲದು. ಅಲ್ಲಿ ಚಂದ್ರನ ಕಲೆ, ಗಾಳಿಯ ದಿಕ್ಕು, ನೀರಿನ ಬಿಸುಪು, ಹವಳದ ದಿಬ್ಬದ ಬಾಗು, ಹಕ್ಕಿಯ ಹಾರಾಟ ಇವೆಲ್ಲವೂ ಒಂದು ಲಿಪಿಯ ಅಕ್ಷರಗಳು. ಕೂಡಿಸಿ ಓದಬಲ್ಲವನಿಗೆ ಮೀನು. ಓದಲಾರದವನಿಗೆ ಬರಿಯ ಉಪ್ಪುಗಾಳಿ.

ಈ ವಿದ್ಯೆಯ ದೊಡ್ಡ ಪಾಠಶಾಲೆಯೊಂದು ಅಮೆರಿಕದ ಆಗ್ನೇಯ ತುದಿಯಲ್ಲಿದೆ. ಫ್ಲಾರಿಡಾದ ಕಾಲಡಿಯಿಂದ ನೈಋತ್ಯಕ್ಕೆ ಬಾಗಿದ ಮಣಿಸರದಂತೆ ಕೀಸ್ ಎಂಬ ಸಣ್ಣ ದ್ವೀಪಗಳ ಸಾಲು ಹಬ್ಬಿದೆ. ಅದರ ತುದಿಯ ಪಟ್ಟಣ ಕೀ ವೆಸ್ಟ್; ಅಲ್ಲಿಂದ ಕ್ಯೂಬಾ ಸುಮಾರು 90 ಮೈಲಿ. ಮಯಾಮಿಯಿಂದ ಪೂರ್ವಕ್ಕೆ ಸುಮಾರು 50 ಮೈಲಿ ಕಡಲನ್ನು ದಾಟಿದರೆ ಬಹಾಮಾ ದ್ವೀಪಸಮೂಹದ ಬಿಮಿನಿ. ಕೀ ವೆಸ್ಟ್ ಕರ್ಕಾಟಕ ವೃತ್ತದಿಂದ ಸುಮಾರು ಒಂದು ಡಿಗ್ರಿ ಮಾತ್ರ ಉತ್ತರಕ್ಕಿದೆ. ಆದಕಾರಣ ಉಷ್ಣವಲಯದ ಮೀನುಗಳು ಇಲ್ಲಿ ಮನೆ ಮಾಡಿಕೊಂಡಿವೆ. ಉತ್ತರದ ಚಳಿಗಾಲವೂ ಆಗಾಗ ಬಂದು ಬಾಗಿಲು ತಟ್ಟುತ್ತದೆ. ಈ ಎರಡರ ತಿಕ್ಕಾಟವೇ ಇಲ್ಲಿಯ ಬೇಟೆಗಾರನ ಮೊದಲ ಪಾಠ.

ದ್ವೀಪಗಳ ಒಳಬದಿಯಲ್ಲಿ ಮೊಳಕಾಲುದ್ದದ ನೀರಿನ ಬಯಲುಗಳು ಮೈಲಿಗಟ್ಟಲೆ ಹರಡಿವೆ. ತಳದಲ್ಲಿ ಬಿಳಿಯ ಮರಳು, ಕಡಲಹುಲ್ಲು. ಅಂಚಿನಲ್ಲಿ ನಮ್ಮ ಕರಾವಳಿಯವರು ಕಾಂಡ್ಲವೆನ್ನುವ ಮ್ಯಾಂಗ್ರೋವ್ ಗಿಡಗಳು. ಭರತ ಬಂದಾಗ ಏಡಿ, ಸೀಗಡಿಗಳನ್ನು ಅರಸಿಕೊಂಡು ಬೋನ್‌ಫಿಶ್ ಎಂಬ ಬೆಳ್ಳಿಬಣ್ಣದ ಮೀನು ಈ ಬಯಲಿಗೆ ಮೇಯಲು ಬರುತ್ತದೆ. ಮೂತಿಯನ್ನು ಮಣ್ಣಿಗಿಟ್ಟು ತಿನ್ನುವಾಗ ಅದರ ಬಾಲ ನೀರಿನ ಮೇಲೆದ್ದು ಬಿಸಿಲಿಗೆ ಹೊಳೆಯುವುದು. ಇಳಿತ ತೊಡಗಿದೊಡನೆ ಅದು ಆಳದ ಕಾಲುವೆಗೆ ಹಿಂದಿರುಗುವುದು. ಆದುದರಿಂದ ಬಲ್ಲವರು ಭರತದಲ್ಲಿ ಬಯಲಿನ ಅಂಚನ್ನೂ, ಇಳಿತದಲ್ಲಿ ಕಾಲುವೆಯ ಬಾಯನ್ನೂ ಕಾಯುತ್ತಾರೆ. ಬಯಲು ಬರಿದಾಗುವಾಗ ಕೊಚ್ಚಿಕೊಂಡು ಬರುವ ಸಣ್ಣ ಜೀವಿಗಳಿಗಾಗಿ ದೊಡ್ಡ ಮೀನುಗಳು ಅಲ್ಲಿ ಹೊಂಚುಹಾಕಿರುತ್ತವೆ.

ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಸರಿಯುತ್ತ ಹೋಗುವುದು ಎಲ್ಲರೂ ಬಲ್ಲ ಸಂಗತಿ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಅದು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಆದರೆ ಪಂಚಾಂಗವನ್ನು ನೆಚ್ಚಿ ಕುಳಿತವನು ಇಲ್ಲಿ ಮೋಸಹೋಗುತ್ತಾನೆ. ಈ ದ್ವೀಪಗಳ ಭರತ ಎರಡು ಅಡಿಯನ್ನು ಮೀರುವುದು ಅಪರೂಪ. ಒಂದು ಬಿರುಸಾದ ಗಾಳಿ ಸಾಕು, ಲೆಕ್ಕದ ನೀರನ್ನು ತಡೆದು ನಿಲ್ಲಿಸಲು, ಇಲ್ಲವೆ ಲೆಕ್ಕಕ್ಕಿಲ್ಲದ ನೀರನ್ನು ತಂದು ತುಂಬಲು. ಅಟ್ಲಾಂಟಿಕ್ ಬದಿಯ ಭರತಕ್ಕೂ ಮೆಕ್ಸಿಕೋ ಕೊಲ್ಲಿಯ ಬದಿಯ ಭರತಕ್ಕೂ ಹೊತ್ತು ಹೊಂದುವುದಿಲ್ಲ. ಅನುಭವಿಯಾದವನು ಇದನ್ನೇ ಅನುಕೂಲ ಮಾಡಿಕೊಂಡು, ಒಂದು ಬದಿಯಲ್ಲಿ ನೀರು ಸತ್ತು ನಿಂತೊಡನೆ ಸೇತುವೆಯ ಕೆಳಗೆ ನುಸುಳಿ ಇನ್ನೊಂದು ಬದಿಯ ಜೀವಂತ ನೀರಿಗೆ ದೋಣಿಯನ್ನು ತಿರುಗಿಸುತ್ತಾನೆ.

ಋತುವಿನ ಪಾಠ ಬೇರೆ. ಚಳಿಗಾಲದಲ್ಲಿ ಉತ್ತರದಿಂದ ಶೀತಮಾರುತ ಬರುವ ಮುನ್ನ ಮೀನುಗಳು ಬರಗಾಲದ ಸುಳಿವು ಹತ್ತಿದವರಂತೆ ಆತುರದಿಂದ ಮೇಯುತ್ತವೆ. ಗಾಳಿ ವಾಯವ್ಯಕ್ಕೆ ತಿರುಗಿ ನೀರು ತಣ್ಣಗಾದೊಡನೆ ಬಯಲು ಬರಿದಾಗುವುದು. ಆಗ ಬೆಳಗ್ಗೆಯೇ ಹೊರಡುವುದು ವ್ಯರ್ಥ. ಮಧ್ಯಾಹ್ನದ ಬಿಸಿಲಿಗೆ ಕಡಲಹುಲ್ಲಿನ ಕಪ್ಪು ತಳ ಬೆಚ್ಚಗಾಗುವವರೆಗೆ ಕಾಯಬೇಕು. ಬೇಸಗೆಯಲ್ಲಿ ಇದರ ವಿಲೋಮ: ಕಾದ ನೀರಿನಲ್ಲಿ ಪ್ರಾಣವಾಯು ಕಡಮೆಯಾಗುವುದರಿಂದ ಮುಂಜಾವು, ಸಂಜೆಗಳೇ ಲೇಸು.

ಇನ್ನು ಹಿಡಿಯುವ ಬಗೆ. ಯಂತ್ರವನ್ನು ನಿಲ್ಲಿಸಿ, ದೋಣಿಯ ಹಿಂಬದಿಯ ಅಟ್ಟದ ಮೇಲೆ ನಿಂತ ಅಂಬಿಗ ಉದ್ದನೆಯ ಗಳದಿಂದ ಸದ್ದಿಲ್ಲದೆ ನೂಕುತ್ತ ಬರುವನು. ಬೇಟೆಗಾರ ಮುಂಬದಿಯಲ್ಲಿ ನಿಂತಿರುವನು. ಸೂರ್ಯ ಬೆನ್ನ ಹಿಂದಿರಬೇಕು, ನೆರಳು ಮೀನಿನ ಮೇಲೆ ಬೀಳಬಾರದು. ನೀರಿನ ಥಳಥಳಿಕೆಯನ್ನು ಕಳೆಯುವ ಪೋಲರಾಯ್ಡ್ ಕನ್ನಡಕವಿಲ್ಲದೆ ಏನೂ ಕಾಣದು. ದೋಣಿಯ ಮೂತಿಯನ್ನು ಗಡಿಯಾರದ ಹನ್ನೆರಡೆಂದು ಭಾವಿಸಿ, ‘ಹತ್ತು ಗಂಟೆ, ಅರವತ್ತು ಅಡಿ’ ಎಂದು ಅಂಬಿಗ ಪಿಸುಗುಟ್ಟುವನು. ಆ ಪಿಸುಮಾತಿಗೂ ಎಸೆತಕ್ಕೂ ನಡುವೆ ದೊರೆಯುವುದು ಕೆಲವೇ ಕ್ಷಣ. ಗಾಳವನ್ನು ಮೀನಿನ ಮೇಲೆ ಎಸೆದರೆ ಅದು ಬೆಚ್ಚಿ ಓಡುವುದು. ಬಹಳ ದೂರ ಎಸೆದರೆ ಕಾಣದು. ಅದು ಸಾಗುವ ದಾರಿಯ ಮುಂದೆ ಕೆಲವು ಅಡಿ ಬೀಳಿಸಿ, ಹೆದರಿದ ಏಡಿಯಂತೆ ಮೆಲ್ಲನೆ ಎಳೆಯಬೇಕು. ಗಾಳಕ್ಕೆ ಸಿಕ್ಕಿದ ಬೋನ್‌ಫಿಶ್ ಬಾಣದಂತೆ ಆಳದ ಕಡೆಗೆ ಓಡುವಾಗ ದಾರವನ್ನು ಬಿಗಿಹಿಡಿದವನು ಕಳೆದುಕೊಂಡಂತೆಯೇ ಸರಿ. ಓಡಲು ಬಿಡುವುದೂ ಒಂದು ಕೌಶಲ.

ಟಾರ್ಪನ್ ಎಂಬ ಮೀನಿನ ಮಾತೇ ಬೇರೆ. ನೂರು ಪೌಂಡನ್ನು ಮೀರಿ ಬೆಳೆಯುವ, 50 ವರ್ಷಕ್ಕೂ ಹೆಚ್ಚು ಬಾಳಬಲ್ಲ ಈ ಪ್ರಾಣಿ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಉಸಿರಾಡಬಲ್ಲದು. ವಸಂತದ ಕೊನೆಯಿಂದ ಇವು ಗುಂಪುಗೂಡಿ ಕೀಸ್ ದ್ವೀಪಗಳ ಸೇತುವೆಗಳನ್ನು ಹಾಯ್ದು ಹೋಗುತ್ತವೆ. ಗಾಳಕ್ಕೆ ಸಿಕ್ಕಿದ ಟಾರ್ಪನ್ ಆಳುದ್ದ ಮೇಲಕ್ಕೆ ನೆಗೆದು ತಲೆಯನ್ನು ಒದರುವುದು. ಆ ಗಳಿಗೆಯಲ್ಲಿ ಬೇಟೆಗಾರ ಕೋಲನ್ನು ತಗ್ಗಿಸಿ, ನಡು ಬಗ್ಗಿಸಿ ಅದರತ್ತ ಬಾಗಬೇಕು. ದಾರ ಸಡಿಲಗೊಂಡು ಹರಿಯದೆ ಉಳಿಯುವುದು. ‘ರಾಜನಿಗೆ ಬಾಗು’ ಎಂದು ಅಲ್ಲಿಯವರು ಇದನ್ನು ಕರೆಯುತ್ತಾರೆ. ತಂತ್ರವೂ ನಮಸ್ಕಾರವೂ ಒಂದೇ ಭಂಗಿಯಲ್ಲಿ ಕೂಡಿರುವುದನ್ನು ನೋಡಿದರೆ, ಬೇಟೆಯಲ್ಲಿಯೂ ಒಂದು ವಿನಯವುಂಟೆಂದು ಒಪ್ಪಬೇಕಾಗುತ್ತದೆ.

ಹವಳದ ದಿಬ್ಬವನ್ನು ದಾಟಿದರೆ ತಳ ಕುಸಿದು ಸಾವಿರಾರು ಅಡಿ ಆಳವಾಗುವುದು. ಅಲ್ಲಿ ಕಡುನೀಲಿಯ ಗಲ್ಫ್ ಪ್ರವಾಹ ಕಡಲಿನೊಳಗಣ ನದಿಯಾಗಿ ಉತ್ತರಕ್ಕೆ ಹರಿಯುತ್ತದೆ. ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರು ನೀರನ್ನು ಹೊತ್ತೊಯ್ಯುವ ಈ ಪ್ರವಾಹದ ಅಂಚೇ ಅಲ್ಲಿ ಓದಬೇಕಾದ ಪಂಕ್ತಿ. ಹಸುರು ನೀರೂ ನೀಲಿ ನೀರೂ ಸಂಧಿಸುವಲ್ಲಿ ಸರ್ಗಾಸಮ್ ಪಾಚಿ ಸಾಲುಗಟ್ಟುವುದು. ಪಾಚಿಯ ನೆರಳಿನಲ್ಲಿ ಮರಿಮೀನು, ಅದರ ಕೆಳಗೆ ಹೊಂಬಣ್ಣದ ಡೊರಾಡೊ, ಮೇಲೆ ಸುತ್ತುವ ಫ್ರಿಗೇಟ್ ಹಕ್ಕಿ. ಹಕ್ಕಿ ಕೆಳಗಿಳಿದು ತಿರುಗತೊಡಗಿದರೆ ದೋಣಿ ಅತ್ತ ಸಾಗುವುದು. ಚಳಿಗಾಲದಲ್ಲಿ ಬಡಗಣ ಗಾಳಿ ಪ್ರವಾಹಕ್ಕೆ ಇದಿರಾಗಿ ಬೀಸಿದಾಗ ಅಲೆಗಳು ಗೋಡೆಗಳಂತೆ ಏಳುತ್ತವೆ. ಸಣ್ಣ ದೋಣಿಗೆ ಅದು ಮೃತ್ಯು. ಸೇಲ್‌ಫಿಶ್ ಆ ಅಲೆಗಳ ಮೇಲೆಯೇ ಸವಾರಿ ಮಾಡುತ್ತ ಬರುವುದು. ಅದಕ್ಕಾಗಿ ಗಾಳಿಪಟವನ್ನು ಹಾರಿಸಿ, ಅದರ ದಾರದಿಂದ ಜೀವಂತ ಮೀನನ್ನು ನೀರಿನ ಮೇಲ್ಮೈಗೆ ತಾಗುವಂತೆ ಇಳಿಬಿಡುವ ಉಪಾಯವುಂಟು. ಗಾಳಿಪಟದಿಂದ ಮೀನು ಹಿಡಿಯುವುದು ಮಲಯ, ಇಂಡೋನೇಷ್ಯಾ, ಪೆಸಿಫಿಕ್ ದ್ವೀಪಗಳ ಬೆಸ್ತರು ಬಹು ಹಿಂದಿನಿಂದ ಬಲ್ಲ ವಿದ್ಯೆ.

ಸಾಹಿತ್ಯಪ್ರಿಯರಿಗೆ ಈ ನೀರು ಅಪರಿಚಿತವಲ್ಲ. ಹೆಮಿಂಗ್ವೆ 1928ರಲ್ಲಿ ಕೀ ವೆಸ್ಟಿಗೆ ಬಂದನು. 1934ರಲ್ಲಿ ‘ಪಿಲಾರ್’ ದೋಣಿಯನ್ನು ಕೊಂಡನು. ಮರುವರ್ಷ ಬಿಮಿನಿಗೆ ಹೋದನು. ಅಲ್ಲಿಯವರು ದೊಡ್ಡ ಟ್ಯೂನ ಮೀನನ್ನು ಗಂಟೆಗಟ್ಟಲೆ ಆಡಿಸಿ ದಣಿಸುತ್ತಿದ್ದರು. ಅಷ್ಟರಲ್ಲಿ ಶಾರ್ಕುಗಳು ಬಂದು ಅದನ್ನು ಕಿತ್ತು ತಿನ್ನುತ್ತಿದ್ದವು. ಮೀನಿಗೆ ಬಿಡುವು ಕೊಡದೆ ಎಡೆಬಿಡದೆ ಎಳೆದು ಬೇಗ ಮುಗಿಸಬೇಕೆಂಬುದು ಹೆಮಿಂಗ್ವೆಯ ತಂತ್ರವಾಗಿತ್ತು. 1952ರಲ್ಲಿ ಪ್ರಕಟವಾದ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ಯಲ್ಲಿ ಮುದುಕನ ಮಾರ್ಲಿನ್ ಶಾರ್ಕುಗಳ ಪಾಲಾಗುವುದು ಕೇವಲ ಕಲ್ಪನೆಯ ಕುಸುಮವಲ್ಲ, ಆ ಪ್ರವಾಹದಲ್ಲಿ ದಾರ ಹಿಡಿದವರ ನಿತ್ಯಾನುಭವ.

ಇಷ್ಟೆಲ್ಲ ಪಾಂಡಿತ್ಯದಿಂದ ಹಿಡಿದ ಮೀನನ್ನು ಏನು ಮಾಡುವುದು? ಒಂದು ಕಾಲದಲ್ಲಿ ಕಟ್ಟೆಯ ಮೇಲೆ ತೂಗುಹಾಕಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದರು. ಇಂದು ಬೋನ್‌ಫಿಶ್, ಟಾರ್ಪನ್‌ಗಳನ್ನು ಹಿಡಿದವನು ಮರಳಿ ಬಿಡಬೇಕೆಂಬುದು 2013ರಿಂದ ಫ್ಲಾರಿಡಾದ ಕಟ್ಟಳೆ. ದಾಖಲೆಗಾಗಿ ಟಾರ್ಪನ್ ಇಟ್ಟುಕೊಳ್ಳುವವನಿಗೆ ಮಾತ್ರ ವಿಶೇಷ ಪರವಾನಗಿಯುಂಟು. ಹಾಗಾದರೆ ಹಿಡಿಯುವುದೇಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಿಟ್ಟ ಮೀನೆಲ್ಲ ಬದುಕುವುದಿಲ್ಲವೆಂಬುದನ್ನು ಬಹಾಮಾದ ಸಂಶೋಧಕರು ತೋರಿಸಿದ್ದಾರೆ: ಬಹಳ ಹೊತ್ತು ನೀರಿನಿಂದಾಚೆ ಇಟ್ಟು, ಸಮತೋಲ ತಪ್ಪಿದ ಮೀನು ಶಾರ್ಕಿನ ಬಾಯಿಗೆ ಬೀಳುವ ಸಂಭವ ಹಲವು ಪಟ್ಟು ಹೆಚ್ಚು. ಒದ್ದೆ ಕೈಯಿಂದ ಹಿಡಿ, ನೀರಿನಲ್ಲಿಯೇ ಗಾಳವನ್ನು ಬಿಡಿಸು, ಶಾರ್ಕ್ ಕಂಡರೆ ಆ ಜಾಗವನ್ನೇ ಬಿಡು ಎಂಬುವು ಈಗ ಎಸೆತದಷ್ಟೇ ಮುಖ್ಯವಾದ ಪಾಠಗಳು.

ಬೇಟೆಯ ಓದು ಶಾಸ್ತ್ರಕ್ಕೂ ದಾರಿ ತೋರಿಸಿದೆ. ಬೋನ್‌ಫಿಶ್ ಮೊಟ್ಟೆಯಿಡುವುದೆಲ್ಲಿ ಎಂಬುದು ಬಹುಕಾಲ ಒಗಟಾಗಿತ್ತು. ಚಳಿಗಾಲದ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅವು ಸಾವಿರಾರು ಸಂಖ್ಯೆಯಲ್ಲಿ ಕೂಡಿ, ಮೇಲೆ ಬಂದು ಗಾಳಿಯನ್ನು ನುಂಗಿ, ಮುಸ್ಸಂಜೆ ಆಳ ಕಡಲಿಗೆ ಹೊರಟು, 400 ಅಡಿಗೂ ಕೆಳಗೆ ಮುಳುಗಿ, ಮೇಲೇರುತ್ತ ಮೊಟ್ಟೆಯಿಡುವುವೆಂದು ಬಹಾಮಾದಲ್ಲಿ ಕಂಡುಕೊಂಡಿದ್ದಾರೆ. ಮೊಳಕಾಲುದ್ದದ ನೀರಿನ ಮೀನಿನ ಬಾಳು ಪಾತಾಳದ ಕತ್ತಲೆಗೆ ಕಟ್ಟಿಕೊಂಡಿದೆ. ಆ ಮರಿಗಳು ವಾರಗಟ್ಟಲೆ ಪ್ರವಾಹದಲ್ಲಿ ತೇಲುವುದರಿಂದ, ಒಂದು ದೇಶದ ಬಯಲಿನ ಮೀನು ಇನ್ನೊಂದು ದೇಶದ ಕಡಲಿನ ಕೂಸಾಗಿರಬಹುದು.

ಬಹಾಮಾದವರು ತಮ್ಮ ಹತ್ತು ಸೆಂಟಿನ ನಾಣ್ಯದ ಮೇಲೆ ಈ ಮೀನನ್ನು ಅಚ್ಚೊತ್ತಿದ್ದಾರೆ. 2011ರಲ್ಲಿ ಶಾರ್ಕುಗಳ ವಾಣಿಜ್ಯ ಬೇಟೆಯನ್ನೂ ನಿಷೇಧಿಸಿದ್ದಾರೆ. ಬಿಮಿನಿಯಲ್ಲಿ ಆನ್ಸಿಲ್ ಸಾಂಡರ್ಸ್ ಎಂಬ ಅಂಬಿಗ 1964ರಲ್ಲಿ ಮಾರ್ಟಿನ್ ಲೂಥರ್ ಕಿಂಗರನ್ನು ತನ್ನ ದೋಣಿಯಲ್ಲಿ ಮ್ಯಾಂಗ್ರೋವ್ ತೋಡಿನೊಳಕ್ಕೆ ಕರೆದೊಯ್ದನು. ಕಿಂಗರು ನೊಬೆಲ್ ಶಾಂತಿ ಪಾರಿತೋಷಕದ ಭಾಷಣವನ್ನು ಆ ನೀರಿನ ಮೌನದಲ್ಲಿ ಬರೆದರೆಂದು ಅಲ್ಲಿಯವರು ನೆನೆಯುತ್ತಾರೆ. ಮೀನಿಗಾಗಿ ಕಲಿತ ನಿಶ್ಶಬ್ದ ಅಂದು ಇನ್ನೊಂದಕ್ಕೆ ಒದಗಿತು.

ಆ ನೀರಿನ ಲಿಪಿ ಈಗ ಕಲಸಿಹೋಗುತ್ತಿದೆ. 2010ರ ಜನವರಿಯ ತೀವ್ರ ಚಳಿಗೆ ಫ್ಲಾರಿಡಾದ ಕೊಲ್ಲಿಗಳಲ್ಲಿ ಮೀನುಗಳೂ ಹವಳಗಳೂ ರಾಶಿರಾಶಿಯಾಗಿ ಸತ್ತವು. 2023ರ ಜುಲೈಯಲ್ಲಿ ಅಲ್ಲಿಯ ಮ್ಯಾನಟಿ ಕೊಲ್ಲಿಯ ಮಾಪಕವೊಂದು 38 ಡಿಗ್ರಿ ಸೆಲ್ಸಿಯಸನ್ನು ದಾಟಿತು. ಹವಳದ ದಿಬ್ಬಗಳು ಬಿಳಿಚಿದವು. ಆ ವರ್ಷದ ಕೊನೆಯಿಂದ ಕೀಸ್ ದ್ವೀಪಗಳ ಸುತ್ತ ಮೀನುಗಳು ತಲೆತಿರುಗಿದಂತೆ ಗಿರಗಿರನೆ ಸುತ್ತತೊಡಗಿದವು. 2024ರಲ್ಲಿ ಅಳಿವಿನಂಚಿನ ಗರಗಸಮೀನುಗಳು ಐವತ್ತಕ್ಕೂ ಹೆಚ್ಚು ಸತ್ತವು. ತಳದ ಪಾಚಿಜೀವಿಗಳ ವಿಷದ ಮೇಲೆ ವಿಜ್ಞಾನಿಗಳ ಸಂದೇಹ ನೆಲೆಸಿತು. ಈ ಅಸ್ವಸ್ಥತೆಯನ್ನು ಮೊದಲು ಕಂಡು ಹೇಳಿದವರಲ್ಲಿ ದಿನವೂ ಗಳ ಹಿಡಿದು ನೀರನ್ನು ನೋಡುವ ಅಂಬಿಗರಿದ್ದರು.

ಇದರಲ್ಲಿಯೇ ಮೇಲಿನ ಪ್ರಶ್ನೆಗೆ ಅರೆಯುತ್ತರವಾದರೂ ದೊರೆಯುತ್ತದೆ. ಮೀನಿನ ಆಸೆಯಿಂದ ನೀರನ್ನು ಓದಲು ಕಲಿತವನು ಕ್ರಮೇಣ ನೀರಿನ ಕಾವಲುಗಾರನಾಗುವುದುಂಟು. ಯಾವ ಗ್ರಂಥವನ್ನಾದರೂ ದಿನವೂ ಬಿಡದೆ ಓದುವವನಿಗೆ ಮಾತ್ರ, ಅದರ ಹಾಳೆಗಳು ಹರಿಯತೊಡಗಿದಾಗ ಮೊದಲು ತಿಳಿಯುವುದಲ್ಲವೆ?