ಜಜ್ಜಿದ ಬೆರಳು, ಸೊಟ್ಟಗಾದ ಉಗುರು

ಸಂಜೆ ಹಾಲು ಕರೆಯುವ ಹೊತ್ತು. ದನಕ್ಕೆ ಜೋಳದ ಕಡ್ಡಿ ಕತ್ತರಿಸಿ ಹಾಕುವ ಅವಸರದಲ್ಲಿ ಮೇವು ಕತ್ತರಿಸುವ ಯಂತ್ರದೊಳಕ್ಕೆ ಕೈ ಒಂದಿಷ್ಟು ಮುಂದೆ ಹೋಗಿಬಿಡುತ್ತದೆ. ಅಥವಾ ಬಾಗಿಲ ಸಂದಿಯಲ್ಲಿ ಮಗು ಬೆರಳಿಟ್ಟಿರುವುದು ಕಾಣದೆ ಅಣ್ಣ ಬಾಗಿಲು ದೂಡುತ್ತಾನೆ. ಅರಕಲಗೂಡಿನ ಹೊಲದಮನೆಯಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟವಾಗಲಿ, ಹೊಳೆನರಸೀಪುರದ ಪೇಟೆಬೀದಿಯ ಅಂಗಡಿ ಷಟರಾಗಲಿ, ಬೆರಳ ತುದಿ ಜಜ್ಜಿಕೊಳ್ಳಲು ಕಾರಣ ಹುಡುಕಬೇಕಾಗಿಲ್ಲ. ಆಮೇಲಿನ ಉಪಚಾರವೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕಾಫಿಪುಡಿ ಇಲ್ಲವೆ ಅರಿಶಿನ ಮೆತ್ತಿ, ಹಳೆಯ ಪಂಚೆಯ ಚೂರು ಸುತ್ತಿ, “ಬೆರಳು ಉಳೀತಲ್ಲ, ಉಗುರು ತಾನೆ, ಹೋದ್ರೆ ಬರುತ್ತೆ ಬಿಡಿ” ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಉಗುರು ಬರುತ್ತದೆ, ನಿಜ. ಹೇಗೆ ಬರುತ್ತದೆ ಎಂಬುದು ಮಾತ್ರ ಬಹುಮಟ್ಟಿಗೆ ಆ ದಿನವೇ ತೀರ್ಮಾನವಾಗುತ್ತದೆ.

ಇದು ಹೊಸ ತಿಳಿವಳಿಕೆಯೇನಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಸಾಲಿನಲ್ಲಿ ‘ಕುನಖ’ ಎಂಬುದೊಂದಿದೆ. ಪೆಟ್ಟು ಬಿದ್ದು ಕೆಟ್ಟ ಉಗುರು ಒರಟಾಗಿ, ಕಪ್ಪಾಗಿ, ಗಡುಸಾಗಿ ಬೆಳೆಯುವುದೇ ಕುನಖ.

ಕಣ್ಣಿಗೆ ಕಾಣುವ ಉಗುರು ಕೆರಟಿನ್ ಎಂಬ ಸಸಾರಜನಕದಿಂದಾದ ನಿರ್ಜೀವ ಫಲಕ. ಜೀವ ಇರುವುದು ಅದರ ಬುಡದಲ್ಲಿ ಮತ್ತು ಅಡಿಯಲ್ಲಿ. ಬುಡದ ಚರ್ಮದ ಮಡಿಕೆಯೊಳಗೆ ಅಡಗಿರುವ ಬೇರಿನಂಥ ಭಾಗವೇ ಉಗುರನ್ನು ತಯಾರಿಸುವ ಕಾರ್ಖಾನೆ. ಹೆಬ್ಬೆರಳಿನಲ್ಲಿ ಬಿಳಿಯ ಅರ್ಧಚಂದ್ರದಂತೆ ಕಾಣುವುದು ಇದರ ಅಂಚು. ಅಲ್ಲಿಂದ ಮುಂದಕ್ಕೆ ಉಗುರು ಅಂಟಿಕೊಂಡು ಸಾಗುವ ಗುಲಾಬಿ ಬಣ್ಣದ ಮೃದು ಪದರಕ್ಕೆ ಉಗುರಿನ ಹಾಸು ಎನ್ನಬಹುದು. ಹಾಸಿನ ಕೆಳಗೆ ನೇರವಾಗಿ ಮೂಳೆ, ನಡುವೆ ಮೆತ್ತೆಯೆಂಬುದು ಇಲ್ಲವೇ ಇಲ್ಲ. ಹಾಗಾಗಿ ಮೇಲಿನಿಂದ ಬಿದ್ದ ಏಟಿಗೆ ಹಾಸು ಗಟ್ಟಿ ಉಗುರಿಗೂ ಮೂಳೆಗೂ ನಡುವೆ ಸಿಕ್ಕಿ, ಒರಳಿಗೂ ಒನಕೆಗೂ ನಡುವಿನ ಕಾಳಿನಂತೆ ಹರಿದುಹೋಗುತ್ತದೆ. ಹರಿದ ಅಂಚುಗಳು ಸರಿಯಾಗಿ ಕೂಡದೆ ಮಾಗಿದರೆ ಅಲ್ಲಿ ಕಲೆಗಟ್ಟುತ್ತದೆ. ಕಲೆ ಬುಡದಲ್ಲಿದ್ದರೆ ಉಗುರು ಉದ್ದಕ್ಕೆ ಸೀಳಿ ಎರಡಾಗಿ ಬೆಳೆಯುತ್ತದೆ. ಹಾಸಿನಲ್ಲಿದ್ದರೆ ಅಲ್ಲಿಂದಾಚೆ ಉಗುರು ಅಂಟದೆ ಎದ್ದು ನಿಲ್ಲುತ್ತದೆ. ಬೆರಳ ತುದಿಯ ಮೂಳೆಯೇ ತುಂಡಾಗಿದ್ದರೆ ಆಸರೆ ತಪ್ಪಿದ ಉಗುರು ಗಿಣಿಯ ಕೊಕ್ಕಿನಂತೆ ಕೆಳಕ್ಕೆ ಬಾಗುತ್ತದೆ.

ಇವೆಲ್ಲ ಅಂದಚೆಂದದ ಮಾತೆಂದು ಪೇಟೆಯವರು ತಿಳಿದಾರು. ಎದ್ದ ಉಗುರಿಗೆ ಸೀರೆಯ ಎಳೆ, ತೆಂಗಿನ ನಾರು ಸಿಕ್ಕಿಕೊಂಡಾಗಿನ ನೋವು ಅನುಭವಿಸಿದವರಿಗೇ ಗೊತ್ತು. ಕೊಕ್ಕಿನಂತೆ ಬಾಗಿದ ಉಗುರಿನಿಂದ ಹಸುವಿನ ಮೊಲೆ ಹಿಡಿದು ಹಾಲು ಕರೆಯುವುದು ಕಷ್ಟ. ಸೂಜಿ ಹಿಡಿಯಲು, ನೆಲಕ್ಕೆ ಬಿದ್ದ ನಾಣ್ಯ ಹೆಕ್ಕಲು ಉಗುರಿನ ಆಸರೆ ಬೇಕೇ ಬೇಕು.

ಹಾಗಾದರೆ ಪೆಟ್ಟಾದ ಕೂಡಲೇ ಮಾಡಬೇಕಾದ್ದೇನು? ಬೆರಳು ಊದುವ ಮೊದಲು ಉಂಗುರ ತೆಗೆಯಬೇಕು. ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಹಿಡಿದು, ಕೈ ಮೇಲೆತ್ತಿಕೊಂಡು ಹೊರಡಬೇಕು. ಅರ್ಧ ಕಿತ್ತುಬಂದ ಉಗುರನ್ನು ಎಳೆದು ಬಿಸಾಡಬಾರದು. ತುದಿ ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಕೂಡದು. ಕಾಫಿಪುಡಿ, ಸುಣ್ಣ ಮೆತ್ತಿದರೆ ಗಾಯ ಶುದ್ಧಿ ಮಾಡುವುದೇ ವೈದ್ಯರಿಗೆ ದೊಡ್ಡ ಕೆಲಸವಾಗುತ್ತದೆ. ಇನ್ನು ನಿಂಬೆಹಣ್ಣು! ಅದನ್ನು ಬೆರಳಿಗೆ ತೊಡಿಸುವ ವಾಡಿಕೆ ಇರುವುದು ಉಗುರುಸುತ್ತಿಗೆ, ತೆರೆದ ಗಾಯಕ್ಕೆ ಹುಳಿ ಹಿಂಡಿದರೆ ಉರಿಯಷ್ಟೇ ಲಾಭ.

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಎಕ್ಸ್‌ರೇ ತೆಗೆಸಿ, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳುವುದು ಮೊದಲ ಕೆಲಸ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಮೂವತ್ತು ನಲವತ್ತು ಕಿ.ಮೀ. ದೂರದಲ್ಲಿದೆ.

ಉಗುರು ಒಡೆಯದೆ, ಅಡಿಯಲ್ಲಿ ರಕ್ತ ಕಟ್ಟಿ ಕಪ್ಪಾಗಿ ಟಿಕ್ ಟಿಕ್ ಎಂದು ಸಿಡಿಯುತ್ತಿದ್ದರೆ ವೈದ್ಯರು ಉಗುರಿನಲ್ಲಿ ಸಣ್ಣ ರಂಧ್ರ ಮಾಡಿ ರಕ್ತ ಹೊರಬಿಡುತ್ತಾರೆ. ನೋವು ಅಲ್ಲೇ ಇಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಕಪ್ಪಾಗಿದ್ದರೆ ಉಗುರು ತೆಗೆಯಲೇಬೇಕೆಂಬುದು ಹಿಂದಿನ ಪಾಠ. ಉಗುರೂ ಅದರ ಅಂಚುಗಳೂ ಗಟ್ಟಿಯಾಗಿದ್ದರೆ ಅಷ್ಟು ಬೇಡ ಎಂಬುದು ಈಗಿನದು. ಹಾಸು ಹರಿದಿರುವುದು ಖಚಿತವಾದರೆ ಬೆರಳನ್ನು ಮರಗಟ್ಟಿಸಿ, ಕೂದಲೆಳೆಯಷ್ಟು ಸಣ್ಣ, ತಾನೇ ಕರಗುವ ದಾರದಿಂದ ಹೊಲಿಯುತ್ತಾರೆ. ವೈದ್ಯಕೀಯ ಅಂಟು ಹಾಕುವುದೂ ಉಂಟು. ತೆಗೆದ ಉಗುರನ್ನೇ ತೊಳೆದು ಮತ್ತೆ ಮೇಲೆ ಕೂರಿಸುವುದು ಬಹುಕಾಲದ ಪದ್ಧತಿ. ಬ್ರಿಟನ್ನಿನಲ್ಲಿ ಸುಮಾರು 450 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಉಗುರನ್ನು ಮರಳಿ ಕೂರಿಸದಿದ್ದರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಕಂಡುಕೊಂಡಿತು.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಉಗುರು ಬುಡದಿಂದ ಎದ್ದು ಚರ್ಮದ ಮಡಿಕೆಯ ಮೇಲೆ ಕೂತಿದ್ದರೆ ಅದು ಬರೀ ಉಗುರಿನ ಗಾಯ ಆಗಿರಲಿಕ್ಕಿಲ್ಲ. ಅಡಿಯಲ್ಲಿ ಮೂಳೆ ಬೆಳೆಯುವ ಜಾಗದಲ್ಲೇ ಮುರಿತ ಇರಬಹುದು. 1966ರಲ್ಲಿ ಇದನ್ನು ವಿವರಿಸಿದ ಸೆಮೂರ್ ಎಂಬವರ ಹೆಸರಿನಲ್ಲೇ ವೈದ್ಯರು ಇದನ್ನು ಗುರುತಿಸುತ್ತಾರೆ. ಕಟ್ಟು ಕಟ್ಟಿ ಸುಮ್ಮನಾದರೆ ಕೀವು ಮೂಳೆಗಿಳಿದು ಬೆರಳಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಇನ್ನು ಕಾಯುವ ಕಾಲ. ಅಮೆರಿಕದ ವೈದ್ಯ ವಿಲಿಯಂ ಬೆನೆಟ್ ಬೀನ್ 1941ರಿಂದ ಮೂವತ್ತೈದು ವರ್ಷ ತಮ್ಮದೇ ಹೆಬ್ಬೆರಳಿನ ಉಗುರನ್ನು ಅಳೆಯುತ್ತ ಕೂತ ಆಸಾಮಿ. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿ.ಮೀ. ಬೆಳೆಯುತ್ತಿದ್ದ ಅವರ ಉಗುರು 67ನೇ ವಯಸ್ಸಿಗೆ 0.095 ಮಿ.ಮೀ.ಗೆ ಇಳಿದಿತ್ತು. ಒಟ್ಟಿನಲ್ಲಿ ತಿಂಗಳಿಗೆ ಮೂರು ಮಿ.ಮೀ. ಎನ್ನಿ. ಪೆಟ್ಟಾದ ಮೇಲೆ ಸುಮಾರು ಮೂರು ವಾರ ಬೆಳವಣಿಗೆಯೇ ನಿಂತಿರುತ್ತದೆ. ಪೂರ್ತಿ ಉಗುರು ಬರಲು ಆರು ತಿಂಗಳಾದರೂ ಬೇಕು. ಮೊದಲು ಬಂದ ಉಗುರು ದಪ್ಪಗೆ, ಉಬ್ಬುತಗ್ಗಾಗಿ ಇರುವುದು ಸಹಜ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ರಕ್ತದ ಕಪ್ಪು ಉಗುರಿನ ಜೊತೆ ಮುಂದೆ ಮುಂದೆ ಸರಿಯುತ್ತದೆ. ಜಾಗ ಬಿಟ್ಟು ಕದಲದ, ಪೆಟ್ಟಿನ ನೆನಪೂ ಇಲ್ಲದ ಕಪ್ಪು ಗೆರೆಯನ್ನು ಮಾತ್ರ ಚರ್ಮವೈದ್ಯರಿಗೆ ತೋರಿಸಲೇಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುವುದುಂಟು.

ವರ್ಷ ಕಳೆದರೂ ಸೊಟ್ಟ ಸೊಟ್ಟವಾಗಿಯೇ ಉಳಿದರೆ? ಆಗ ಕೈ ಶಸ್ತ್ರಚಿಕಿತ್ಸೆಯಲ್ಲಿ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪಳಗಿದವರನ್ನು ಕಾಣಬೇಕು; ಅದಕ್ಕಾಗಿ ಮೈಸೂರು, ಬೆಂಗಳೂರಿನ ದಾರಿ ಹಿಡಿಯಬೇಕಾಗಬಹುದು. ಕಲೆ ಸಣ್ಣದಿದ್ದರೆ ಅದನ್ನಷ್ಟೇ ಕತ್ತರಿಸಿ ಹೊಲಿಯುತ್ತಾರೆ. ದೊಡ್ಡದಿದ್ದರೆ ಕಾಲಿನ ಹೆಬ್ಬೆರಳ ಉಗುರಿನ ಹಾಸಿನಿಂದ ತೆಳು ಪದರ ತೆಗೆದು ಕಸಿ ಮಾಡುತ್ತಾರೆ, ಕಾಲಿನ ಉಗುರಿಗೆ ಅದರಿಂದ ಸಾಮಾನ್ಯವಾಗಿ ಬಾಧಕವಿಲ್ಲ. ಬುಡವೇ ನಾಶವಾಗಿದ್ದರೆ ತೆಳು ಪದರ ಸಾಲದು. ಕಾಲಿನ ಉಗುರಿನ ಬುಡವನ್ನೇ ಪೂರ್ತಿ ದಪ್ಪಕ್ಕೆ ತರಬೇಕು, ಅಂದರೆ ಒಂದು ಉಗುರಿಗಾಗಿ ಇನ್ನೊಂದನ್ನು ಕಳೆದುಕೊಳ್ಳಬೇಕು. ಕೊಕ್ಕಿನ ಉಗುರಿಗೆ ಹಾಸನ್ನು ಮೂಳೆಯ ತುದಿಯವರೆಗೆ ಮೊಟಕು ಮಾಡುವುದು, ಇಲ್ಲವೆ ತುದಿಗೆ ಬೇರೆಡೆಯ ಮಾಂಸ ತುಂಬಿ ಆಸರೆ ಕೊಡುವುದು ಉಪಾಯ. ಎಷ್ಟೇ ಮಾಡಿದರೂ ಹುಟ್ಟು ಉಗುರಿನಂತೆ ಆಗುತ್ತದೆಂದು ಯಾರೂ ಮಾತು ಕೊಡಲಾರರು. ಇದನ್ನೆಲ್ಲ ಕೇಳಿದ ಮೇಲೆ, ಬುಡಸಮೇತ ಉಗುರನ್ನೇ ತೆಗೆದುಬಿಡಿ, ನೋಯದ ಬೆರಳೊಂದಿದ್ದರೆ ಹಾಲು ಕರೆಯಲು ಸಾಕು ಎನ್ನುವವರೂ ಇರುತ್ತಾರೆ. ಅದಕ್ಕೂ ಶಸ್ತ್ರಚಿಕಿತ್ಸೆ ಉಂಟು.