ಸರ್ಕಾರಿ ಬಂಡವಾಳ ಹೂಡಿಕೆ: ಭಾರತ-ಚೀನಾ ಹೋಲಿಕೆ ಎಷ್ಟು ಸರಿ?

ಕೇಂದ್ರ ಬಜೆಟ್ ಮಂಡನೆಯಾದಾಗಲೆಲ್ಲ ಚೀನಾದೊಂದಿಗಿನ ಹೋಲಿಕೆ ಮುನ್ನೆಲೆಗೆ ಬರುತ್ತದೆ. ರಸ್ತೆ, ರೈಲು, ಬಂದರುಗಳಿಗೆ ನೆರೆಯ ದೇಶ ಸುರಿದಷ್ಟು ಹಣವನ್ನು ಭಾರತವೇಕೆ ಸುರಿಯುತ್ತಿಲ್ಲ ಎಂಬ ಪ್ರಶ್ನೆ ಸಹಜವೇ. ಆದರೆ ಎರಡು ದೇಶಗಳ ಅಂಕಿಅಂಶಗಳನ್ನು ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಉತ್ತರ ದೊರೆಯದು. ಹಣ ಎಲ್ಲಿಂದ ಬಂತು, ಯಾವ ಲೆಕ್ಕದಲ್ಲಿ ಸೇರಿತು, ಸಾಲ ಯಾರ ಹೆಗಲೇರಿತು ಎಂಬುದನ್ನೂ ನೋಡಬೇಕಾಗುತ್ತದೆ.

ಇಳಿದು ಏರಿದ ಭಾರತ

1980ರ ದಶಕದ ಮಧ್ಯಭಾಗದಲ್ಲಿ ಭಾರತದ ಸಾರ್ವಜನಿಕ ವಲಯದ ಹೂಡಿಕೆ ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇ 10ರ ಆಸುಪಾಸಿನಲ್ಲಿತ್ತು. 1991ರ ಬಿಕ್ಕಟ್ಟಿನ ನಂತರ ವಿತ್ತೀಯ ಕೊರತೆ ತಗ್ಗಿಸುವ ಒತ್ತಡ ಹೆಚ್ಚಿತು. ಸಂಬಳ, ಬಡ್ಡಿ, ಸಬ್ಸಿಡಿಗಳನ್ನು ಕಡಿತಗೊಳಿಸುವುದು ಕಷ್ಟ. ಹೊಸ ಕಾಮಗಾರಿಯನ್ನು ಮುಂದೂಡುವುದು ಸುಲಭ. ಹೀಗಾಗಿ ಕತ್ತರಿ ಬಿದ್ದದ್ದು ಬಂಡವಾಳ ವೆಚ್ಚಕ್ಕೆ.

ಕೋವಿಡ್ ನಂತರ ಚಿತ್ರಣ ಬದಲಾಯಿತು. 2019-20ರಲ್ಲಿ ಕೇಂದ್ರದ ಬಂಡವಾಳ ವೆಚ್ಚ ಸುಮಾರು 3.36 ಲಕ್ಷ ಕೋಟಿ ರೂಪಾಯಿ, ಅಂದರೆ ಜಿಡಿಪಿಯ ಶೇ 1.7ರಷ್ಟಿತ್ತು. 2023-24ರಲ್ಲಿ ಅದು ಸುಮಾರು 9.5 ಲಕ್ಷ ಕೋಟಿ ರೂಪಾಯಿಗೆ, ಜಿಡಿಪಿಯ ಶೇ 3ಕ್ಕೂ ಹೆಚ್ಚಿನ ಮಟ್ಟಕ್ಕೆ ಏರಿತು.

ಸಾಲದ ಮೇಲೆ ನಿಂತ ಚೀನಾ

ಜಾಗತಿಕ ಆರ್ಥಿಕ ಹಿಂಜರಿತ ಎದುರಿಸಲು ಚೀನಾ 2008ರ ನವೆಂಬರ್‌ನಲ್ಲಿ 4 ಲಕ್ಷ ಕೋಟಿ ಯುವಾನ್ ಪ್ಯಾಕೇಜ್ ಘೋಷಿಸಿತು. ಇದರಲ್ಲಿ ಕೇಂದ್ರ ಸರ್ಕಾರದ ಪಾಲು ಕೇವಲ 1.18 ಲಕ್ಷ ಕೋಟಿ. ಉಳಿದದ್ದರ ಬಹುಪಾಲು ಸ್ಥಳೀಯ ಆಡಳಿತಗಳು ಮತ್ತು ಬ್ಯಾಂಕ್‌ಗಳ ಮೇಲೆ ಬಿತ್ತು. ಅಂದಿನ ಬಜೆಟ್ ಕಾನೂನಿನಂತೆ ಸ್ಥಳೀಯ ಆಡಳಿತಗಳು ನೇರವಾಗಿ ಸಾಲ ಎತ್ತುವಂತಿರಲಿಲ್ಲ. ಅವು ಪ್ರತ್ಯೇಕ ಕಂಪೆನಿಗಳನ್ನು ಸ್ಥಾಪಿಸಿ, ಭೂಮಿಯನ್ನು ಆಧಾರವಾಗಿಟ್ಟು ಬ್ಯಾಂಕ್‌ಗಳಿಂದ ಹಣ ಪಡೆದವು. ಈ ಸಾಲ ಸರ್ಕಾರದ ಲೆಕ್ಕಪುಸ್ತಕದಲ್ಲಿ ಕಾಣಿಸಲಿಲ್ಲ.

ಫಲ ಕಣ್ಣಿಗೆ ಕಾಣುವಂತಹುದೇ. 2008ರಲ್ಲಿ ಬೀಜಿಂಗ್-ಟಿಯಾಂಜಿನ್ ಮಾರ್ಗದಲ್ಲಿ ಓಡಿದ ಅತಿವೇಗದ ರೈಲಿನ ಜಾಲ 2024ರ ಅಂತ್ಯಕ್ಕೆ 48 ಸಾವಿರ ಕಿ.ಮೀ.ಗೆ ಬೆಳೆಯಿತು. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಸ್ಥಳೀಯ ಆಡಳಿತಗಳ ಈ ಗುಪ್ತ ಸಾಲವನ್ನು ಬದಲಾಯಿಸಲು 10 ಲಕ್ಷ ಕೋಟಿ ಯುವಾನ್ ಯೋಜನೆಯನ್ನೂ ಚೀನಾ ಪ್ರಕಟಿಸಬೇಕಾಯಿತು.

ಲೆಕ್ಕದ ತೊಡಕು

ಭಾರತದ ಕೇಂದ್ರ ಬಜೆಟ್ ಅಂಕಿಯಲ್ಲಿ ರಾಜ್ಯಗಳ ಸ್ವಂತ ವೆಚ್ಚ ಸೇರಿರುವುದಿಲ್ಲ. ಚೀನಾದ 'ಸ್ಥಿರ ಆಸ್ತಿ ಹೂಡಿಕೆ' ಅಂಕಿಯಲ್ಲಾದರೋ ಖಾಸಗಿ ಹೂಡಿಕೆಯ ಜತೆಗೆ ಭೂಮಿ ಖರೀದಿಯ ವೆಚ್ಚವೂ ಸೇರಿರುತ್ತದೆ. ಇವೆರಡನ್ನು ತೂಗಿ ನೋಡುವುದು ಅರ್ಥಹೀನ.

ಒಂದೇ ದೇಶದ ವರ್ಷವಾರು ಹೋಲಿಕೆಯಲ್ಲೂ ಎಚ್ಚರ ಅಗತ್ಯ. 2021-22ರಲ್ಲಿ ಏರ್ ಇಂಡಿಯಾದ ಹಳೆಯ ಹೊಣೆಗಾರಿಕೆ ತೀರಿಸಲು ನೀಡಿದ ಸುಮಾರು 52 ಸಾವಿರ ಕೋಟಿ ರೂಪಾಯಿಯೂ ಬಂಡವಾಳ ವೆಚ್ಚದಲ್ಲೇ ಸೇರಿತು. ಅದರಿಂದ ಒಂದು ಕಿ.ಮೀ. ರಸ್ತೆಯೂ ಆಗಲಿಲ್ಲ. 2022-23ರಿಂದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಾಲದ ಬದಲಿಗೆ ಬಜೆಟ್‌ನಿಂದಲೇ ಹಣ ಒದಗಿಸಲಾಯಿತು. ಬಜೆಟ್ ಮೊತ್ತ ಏರಿತಾದರೂ ಅಷ್ಟೂ ಹೊಸ ಹೂಡಿಕೆಯಲ್ಲ.

2025-26ರ ಬಜೆಟ್‌ನಲ್ಲಿ ಬಂಡವಾಳ ವೆಚ್ಚಕ್ಕೆ 11.21 ಲಕ್ಷ ಕೋಟಿ ರೂಪಾಯಿ ನಿಗದಿಯಾಗಿದ್ದರೆ, ಬಡ್ಡಿ ಪಾವತಿಗೆ 12.76 ಲಕ್ಷ ಕೋಟಿ ರೂಪಾಯಿ ತೆಗೆದಿರಿಸಲಾಗಿತ್ತು. ಇಂದಿನ ಸೇತುವೆಯ ಸಾಲವನ್ನು ನಾಳಿನ ತೆರಿಗೆದಾರ ತೀರಿಸಬೇಕು. ಆದ್ದರಿಂದ ಎಷ್ಟು ಸುರಿಯಲಾಯಿತು ಎಂಬುದಕ್ಕಿಂತ, ಕಟ್ಟಿದ್ದು ಸಾಲ ತೀರಿಸುವಷ್ಟು ಗಳಿಕೆ ತರುವುದೇ ಎಂಬುದೇ ಎರಡೂ ದೇಶಗಳ ಮುಂದಿರುವ ನಿಜವಾದ ಪ್ರಶ್ನೆ.