ಚೀಲಕ್ಕಿಂತ ಮೊದಲು ಹೆಸರು: ವಿದೇಶಕ್ಕೆ ಹೊರಡುವ ಮಕ್ಕಳ ಪಾಲಕರು ತಿಳಿದಿರಬೇಕಾದ ಸಂಗತಿಗಳು

ಮನೆಯ ಮಗನೋ ಮಗಳೋ ಓದಿಗಾಗಿ ಅಥವಾ ಉದ್ಯೋಗಕ್ಕಾಗಿ ವಿದೇಶಕ್ಕೆ ಹೊರಟರೆ ಕೊನೆಯ ವಾರ ಇಡೀ ಮನೆ ಚೀಲದ ಸುತ್ತಲೇ ತಿರುಗುತ್ತದೆ. ಕಡಕ್ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು, ತೂಕ ಮೀರಿದರೆ ಏನು ತೆಗೆಯುವುದು ಎಂಬುದೇ ಚರ್ಚೆ. ಆದರೆ ಮರೆತ ವಸ್ತುವನ್ನು ಮಿರಜದ ಪೇಟೆಯಲ್ಲಿ ಒಂದು ತಾಸಿನಲ್ಲಿ ಕೊಳ್ಳಬಹುದು. ದಾಖಲೆಗಳಲ್ಲಿ ಹೊಂದದ ಹೆಸರನ್ನು ಒಂದು ವಾರದಲ್ಲಿ ಸರಿಪಡಿಸಲಾಗದು. ಸಾಂಗಲಿ ಜಿಲ್ಲೆಯ ಕನ್ನಡ ಮಾಧ್ಯಮದ ಕುಟುಂಬಗಳಿಗೆ ಈ ಎಚ್ಚರಿಕೆ ಇತರರಿಗಿಂತ ಹೆಚ್ಚು ಅಗತ್ಯ.

ಕಾರಣ ಸರಳವಾಗಿದೆ. ನಮ್ಮ ಮಕ್ಕಳ ಹೆಸರು ಮೂರು ಭಾಷೆಗಳನ್ನು ದಾಟಿ ಪಾಸ್‌ಪೋರ್ಟ್ ಸೇರುತ್ತದೆ. ಮನೆಯಲ್ಲಿಯೂ ಶಾಲೆಯಲ್ಲಿಯೂ ಅದು ಕನ್ನಡ. ಗ್ರಾಮ ಪಂಚಾಯತಿಯ ಜನನ ನೋಂದಣಿಯಲ್ಲಿ ಮರಾಠಿ. ಆಧಾರ್ ಮತ್ತು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇಂಗ್ಲಿಷ್. ಗಡಿಯ ಆಚೆ ‘ಬಿರಾದಾರ’ ಎಂದು ಬರೆಯುವ ಮನೆತನದ ಹೆಸರು ಮರಾಠಿ ಬರವಣಿಗೆಯಲ್ಲಿ ‘ಬಿರಾಜದಾರ’ ಆಗುವುದುಂಟು. ಮರಾಠಿಯ ಉಚ್ಚಾರದಲ್ಲಿ ಪದದ ನಡುವಿನ ಅಕಾರ ಬಿದ್ದುಹೋಗುವುದರಿಂದ ‘ಬಸವರಾಜ’ ಎಂಬ ಹೆಸರು ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ‘ಎ’ ಅಕ್ಷರವನ್ನು ಹೆಚ್ಚಾಗಿಯೂ ಇನ್ನೊಂದು ಕಡೆ ಕಡಿಮೆಯಾಗಿಯೂ ಪಡೆಯುತ್ತದೆ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಬಳಿಕ, ತಂದೆಯ ಹೆಸರು ಕೊನೆಗೆ ಬರುತ್ತದೆ. ಹತ್ತನೆಯ ತರಗತಿಯ ನಂತರ ವಿಜಯಪುರಕ್ಕೋ ಅಥಣಿಗೋ ಓದಲು ಹೋದವರ ಕಾಗದಗಳಲ್ಲಿ ಈ ಕ್ರಮವೇ ಬದಲಾಗಬಹುದು. ಊರಿನಲ್ಲಿ ಇವೆಲ್ಲ ಒಬ್ಬನೇ ವ್ಯಕ್ತಿಯ ಹೆಸರುಗಳು. ವೀಸಾ ಅಧಿಕಾರಿಯ ಕಣ್ಣಿಗೆ ಇಬ್ಬರು ವ್ಯಕ್ತಿಗಳು.

ಆದ್ದರಿಂದ ಮೊದಲ ಸಿದ್ಧತೆ ಶಾಲೆಯಲ್ಲಿಯೇ ಆಗಬೇಕು. ಶಾಲೆಯ ಜನರಲ್ ರಜಿಸ್ಟರಿನಲ್ಲಿರುವ ಹೆಸರು, ಜನ್ಮದಿನಾಂಕಗಳೇ ಮುಂದೆ ಶಾಲೆ ಬಿಟ್ಟ ದಾಖಲೆಯಲ್ಲಿ ಇಳಿಯುತ್ತವೆ. ಮಗು ಶಾಲೆಯಲ್ಲಿ ಓದುತ್ತಿರುವಾಗ, ತಕ್ಕ ಆಧಾರಗಳೊಂದಿಗೆ ಮುಖ್ಯಾಧ್ಯಾಪಕರ ಮೂಲಕ ಅರ್ಜಿ ಸಲ್ಲಿಸಿ ತಿದ್ದುಪಡಿ ಪಡೆಯಬಹುದು. ಶಾಲೆ ಬಿಟ್ಟ ಬಳಿಕ ಮಹಾರಾಷ್ಟ್ರದ ಮಾಧ್ಯಮಿಕ ಶಾಲಾ ಸಂಹಿತೆಯ ನಿಯಮಗಳು ಬಿಗಿಯಾಗುತ್ತವೆ. ಬರವಣಿಗೆಯ ಸ್ಪಷ್ಟ ದೋಷವನ್ನು ಬಿಟ್ಟರೆ ಬೇರೆ ಬದಲಾವಣೆ ಬಹಳ ಕಠಿಣ. ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿ ತುಂಬುವ ದಿನ ಇಂಗ್ಲಿಷ್ ಅಕ್ಷರಗಳನ್ನು ಪಾಲಕರು ಸ್ವತಃ ಓದಿ ನೋಡಬೇಕು. ಸಾಂಗಲಿ, ಸಾತಾರಾ, ಕೊಲ್ಹಾಪುರ ಜಿಲ್ಲೆಗಳಿಗೆ ಕೊಲ್ಹಾಪುರದ ವಿಭಾಗೀಯ ಮಂಡಳಿಯೇ ಈ ಪರೀಕ್ಷೆಯನ್ನು ನಡೆಸುತ್ತದೆ. ಅಂಕಪಟ್ಟಿಯ ತಿದ್ದುಪಡಿಗೂ ಅಲ್ಲಿಗೇ ಹೋಗಬೇಕು.

ಎರಡನೆಯದು ಪಾಸ್‌ಪೋರ್ಟ್. ಸಾಂಗಲಿ ಜಿಲ್ಲೆ ಪುಣೆಯ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಜನಿಸಿದವರಿಗೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ಪುರಾವೆ. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಶಾಲೆ ಬಿಟ್ಟ ದಾಖಲೆ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರವೂ ನಡೆಯುತ್ತದೆ. ಅರ್ಜಿಯಲ್ಲಿ ಸ್ವಂತ ಹೆಸರಿಗೆ ಒಂದು, ಮನೆತನದ ಹೆಸರಿಗೆ ಒಂದು ಎಂದು ಎರಡು ಅಂಕಣಗಳಿವೆ. ಎರಡನೆಯದನ್ನು ಖಾಲಿ ಬಿಡಬಾರದು. ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿದವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ತಿಳಿಸಿದೆ. ಪಾಸ್‌ಪೋರ್ಟಿನ ಅವಧಿಯೂ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರಬೇಕೆಂದು ಹಲವು ದೇಶಗಳು ಬಯಸುತ್ತವೆ.

ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹತ್ತನೆಯ ತರಗತಿ ಉತ್ತೀರ್ಣರಾದವರಿಗೆ ವಲಸೆ ಅನುಮತಿಯ ಅಗತ್ಯವಿಲ್ಲದ ಪಾಸ್‌ಪೋರ್ಟ್ ದೊರೆಯುತ್ತದೆ. ಉತ್ತೀರ್ಣರಾಗಿದ್ದರೂ ಪ್ರಮಾಣಪತ್ರವನ್ನು ಲಗತ್ತಿಸದೆ ಅರ್ಜಿ ಹಾಕಿದರೆ ಆ ಸೌಲಭ್ಯ ತಪ್ಪುತ್ತದೆ. ಆಗ ಸೌದಿ ಅರೇಬಿಯಾ, ಕುವೈತ್, ಕತಾರ್ ಮುಂತಾದ ದೇಶಗಳಿಗೆ ದುಡಿಯಲು ಹೋಗುವಾಗ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಪಡೆದ ಪ್ರಮಾಣಪತ್ರಕ್ಕೂ ಇಲ್ಲಿ ಪೂರ್ಣ ಮಾನ್ಯತೆಯಿದೆ. ಮಾಧ್ಯಮ ಯಾವುದೇ ಇರಲಿ, ರಾಜ್ಯ ಮಂಡಳಿ ನೀಡುವ ಪ್ರಮಾಣಪತ್ರ ಒಂದೇ.

ಮೂರನೆಯದು ಅನುವಾದ ಮತ್ತು ದೃಢೀಕರಣ. ಕನ್ನಡ ಅಥವಾ ಮರಾಠಿಯಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಬ್ರಿಟನ್ನಿನ ವೀಸಾಕ್ಕೆ ಅನುವಾದಕರ ಪೂರ್ಣ ಹೆಸರು, ಸಹಿ, ದಿನಾಂಕ ಹಾಗೂ ಅನುವಾದ ಸರಿಯಾಗಿದೆ ಎಂಬ ಹೇಳಿಕೆ ಅದರ ಮೇಲಿರಬೇಕು. ಕೆಲವು ದೇಶಗಳು ‘ಅಪೋಸ್ಟಿಲ್’ ಎಂಬ ಮುದ್ರೆಯನ್ನು ಕೇಳುತ್ತವೆ. ಇದು 2005ರಿಂದ ಭಾರತದಲ್ಲಿ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದದಂತೆ ವಿದೇಶಾಂಗ ಸಚಿವಾಲಯ ನೀಡುವ ದೃಢೀಕರಣ. ಅದಕ್ಕೂ ಮೊದಲು ರಾಜ್ಯ ಮಟ್ಟದ ದೃಢೀಕರಣ ಆಗಬೇಕಾದ್ದರಿಂದ ಸಮಯ ಹಿಡಿಯುತ್ತದೆ.

ಮೂಲ ಕಾಗದಗಳ ರಕ್ಷಣೆಯೂ ಸಿದ್ಧತೆಯ ಭಾಗವೇ. 2019ರ ಆಗಸ್ಟ್ ತಿಂಗಳಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರು 45 ಅಡಿಯ ಅಪಾಯದ ಮಟ್ಟವನ್ನು ದಾಟಿ 57 ಅಡಿಯನ್ನು ಮೀರಿತ್ತು. 2021ರಲ್ಲಿಯೂ ಮಹಾಪೂರ ಬಂದಿತು. ವಿದೇಶಿ ವಿಶ್ವವಿದ್ಯಾಲಯಗಳ ತರಗತಿಗಳು ಸೆಪ್ಟೆಂಬರಿನ ಹೊತ್ತಿಗೆ ತೊಡಗುವುದರಿಂದ ನೆರೆಯ ಕಾಲವೇ ಹೊರಡುವ ಕಾಲವೂ ಆಗುತ್ತದೆ. ಮೂಲ ಪ್ರತಿಗಳನ್ನು ನೀರು ತಾಗದ ಕವಚದಲ್ಲಿ ಎತ್ತರದ ಜಾಗದಲ್ಲಿಡಿ. ಛಾಯಾಪ್ರತಿಗಳನ್ನು ಡಿಜಿಲಾಕರ್‌ನಲ್ಲಿಯೂ ಬೇರೆ ಊರಿನ ಬಂಧುಗಳ ಮನೆಯಲ್ಲಿಯೂ ಇರಿಸಿ.

ಇಷ್ಟಾದ ಮೇಲೆ ಚೀಲದ ಸರದಿ. ಒಣಕೊಬ್ಬರಿಯನ್ನು ಒಯ್ಯಬೇಡಿ, ಅದರ ಎಣ್ಣೆಯ ಅಂಶ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ವಸ್ತುಗಳ ಸಾಲಿಗೆ ಸೇರಿಸಿವೆ. ನಮ್ಮ ಮಸಾಲೆಯ ಗಸಗಸೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮಾದಕ ವಸ್ತುವಿನ ಕಾನೂನಿನಡಿ ನಿಷಿದ್ಧ. ಒಂದು ಚಿಕ್ಕ ಪೊಟ್ಟಣವೂ ಜೈಲಿಗೆ ದಾರಿಯಾಗಬಹುದು. ಖಾರಪುಡಿ, ಉಪ್ಪಿನಕಾಯಿಗಳು ದೊಡ್ಡ ಚೀಲದಲ್ಲಿರಲಿ; ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಶೀಶೆ ನಡೆಯದು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿಯೇ ಇರಬೇಕು. ಆಸ್ಟ್ರೇಲಿಯಾಕ್ಕೆ ಹೋಗುವವರು ತಿನಿಸುಗಳನ್ನು ಅಲ್ಲಿನ ಅರ್ಜಿಯಲ್ಲಿ ಘೋಷಿಸಲೇಬೇಕು. ಮುಚ್ಚಿಟ್ಟರೆ ದಂಡ ತೆರಬೇಕಾದೀತು. ಪಾಸ್‌ಪೋರ್ಟ್, ಪ್ರವೇಶಪತ್ರ, ಔಷಧಿ ಮತ್ತು ವೈದ್ಯರ ಚೀಟಿ ಎಂದಿಗೂ ಕೈಚೀಲದಲ್ಲಿರಲಿ.

ಮಿರಜದಿಂದ ಮುಂಬಯಿ ರಾತ್ರಿಯಿಡೀ ಹಿಡಿಯುವ ಪ್ರಯಾಣ. ಮಳೆಗಾಲದಲ್ಲಿ ಘಟ್ಟದ ದಾರಿಯನ್ನು ನಂಬಿ ಅದೇ ದಿನದ ವಿಮಾನವನ್ನು ಹಿಡಿಯುವ ಸಾಹಸ ಬೇಡ. ಒಂದು ದಿನ ಮೊದಲೇ ಮುಂಬಯಿ ಸೇರುವುದು ಲೇಸು.

ನಿಮ್ಮ ಮಗು ಇನ್ನೂ ಐದನೆಯ ತರಗತಿಯಲ್ಲಿದ್ದರೂ ಒಂದು ಕೆಲಸವನ್ನು ಇಂದೇ ಮಾಡಬಹುದು. ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲೆಯ ರಜಿಸ್ಟರಿನ ನಮೂದನ್ನು ಅಕ್ಕಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ನಾಳೆಯೇ ಮುಖ್ಯಾಧ್ಯಾಪಕರನ್ನು ಕಾಣಿರಿ. ಇಂದು ಅರ್ಧ ತಾಸಿನಲ್ಲಿ ಕಂಡುಬರುವ ದೋಷ, ಹತ್ತು ವರ್ಷಗಳ ಬಳಿಕ ವೀಸಾ ಕಚೇರಿಯ ಕಿಟಕಿಯಲ್ಲಿ ಕಂಡುಬಂದರೆ ಒಂದು ವರ್ಷದ ಓದನ್ನೇ ಕಸಿದುಕೊಳ್ಳಬಹುದು.